ನಾಯಿ ದಪ್ಪ, ಆಯಸ್ಸು ಸಣ್ಣ!

ಸಾಕಿದ ನಾಯಿ ಗುಂಡುಗುಂಡಾಗಿದ್ದರೆ ಯಜಮಾನನಿಗೆ ಹೆಮ್ಮೆ. ‘ನಮ್ಮ ಟಾಮಿಗೆ ಊಟಕ್ಕೇನೂ ಕಮ್ಮಿ ಮಾಡಿಲ್ಲ ಸ್ವಾಮೀ’ ಅಂತಾರೆ. ತಂಟೆ ಇರೋದೇ ಅಲ್ಲಿ.

ಅಮೆರಿಕದಲ್ಲಿ ನಾಯಿ ಆಹಾರ ಮಾರುವ ಕಂಪನಿಯೊಂದು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಸಾಯುವ ತನಕ ಸಾಕಿ ನೋಡಿತು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಾಲುಭಾಗ ಕಡಿಮೆ ಊಟ. 2002ರಲ್ಲಿ ಫಲಿತಾಂಶ ಹೊರಬಿತ್ತು. ಕಡಿಮೆ ತಿಂದವು ಸುಮಾರು 13 ವರ್ಷ ಬಾಳಿದರೆ, ಹೆಚ್ಚು ತಿಂದವು 11 ವರ್ಷ ಚಿಲ್ಲರೆಗೇ ಮುಗಿದವು. ಕೀಲುನೋವೂ ಇವಕ್ಕೇ ಮೊದಲು ಬಂತು. ಮಾಲು ಮಾರುವವನೇ ‘ಕಡಿಮೆ ಹಾಕಿ’ ಅಂದ ಮೇಲೆ ನಂಬದೆ ಉಂಟೇ?

ಲೆಕ್ಕ ಸುಲಭ. 25 ಕೆ.ಜಿ. ಇರಬೇಕಾದ ನಾಯಿ 30 ಆದರೆ, 60 ಕೆ.ಜಿ. ಮನುಷ್ಯ 12 ಕೆ.ಜಿ. ಅಕ್ಕಿ ಮೂಟೆಯನ್ನು ಹಗಲೂ ರಾತ್ರಿ ಹೊತ್ತಂತೆ. ಮೊದಲು ಮಂಡಿ, ಸೊಂಟ ಸೋಲುತ್ತವೆ. ಆಮೇಲೆ ಏದುಸಿರು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ನಾಲಗೆ ಚಾಚಿ ತೇಕಿಯೇ ಸೆಕೆ ಕಳೆಯಬೇಕು. ಕೊಬ್ಬಿದ ನಾಯಿಗೆ ಬೇಸಿಗೆ ಅಂದರೆ ಪ್ರಾಣಕ್ಕೇ ಕುತ್ತು.

ತಪ್ಪು ಯಾರದು? 5 ಕೆ.ಜಿ. ಪೊಮೆರೇನಿಯನ್‌ಗೆ ದಿನಕ್ಕೆ 300-350 ಕ್ಯಾಲೊರಿ ಸಾಕು. 100 ಗ್ರಾಂ ಗ್ಲುಕೋಸ್ ಬಿಸ್ಕತ್ತಿನಲ್ಲೇ ಸುಮಾರು 450! ಅಪ್ಪ ಎರಡು, ಮಗ ಮೂರು, ಬಂದ ಗಿರಾಕಿ ನಾಲ್ಕು ಎಸೆದರೆ ಲೆಕ್ಕ ಇಡೋರು ಯಾರು? ಮೇಲೆ ತುಪ್ಪದನ್ನ, ಕುತ್ತಿಗೆಗೆ ಸರಪಳಿ. ಸಂತಾನಹರಣ ಆದ ನಾಯಿಗಂತೂ ಊಟ ಇನ್ನೂ ಕಡಿಮೆ ಸಾಕು.

ಬಾಲ ಅಲ್ಲಾಡಿಸಿತು ಅಂತ ಹಸಿವು ಅಂದುಕೋಬೇಡಿ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೊಂದಕ್ಕೆ ಹಸಿವು ಹೆಚ್ಚಿಸುವ ವಂಶದೋಷವೇ ಇದೆಯೆಂದು 2016ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ಕಂಡುಹಿಡಿದರು. ಅದು ಬೇಡುತ್ತಲೇ ಇರುತ್ತೆ. ‘ಸಾಕು’ ಅನ್ನಬೇಕಾದವರು ನಾವು.

ಪರೀಕ್ಷೆಗೆ ಕಾಸು ಬೇಡ. ಪಕ್ಕೆ ಮೇಲೆ ಕೈಯಾಡಿಸಿ. ಒತ್ತದೆಯೇ ಎಲುಬು ಸಿಗಬೇಕು. ಮೇಲಿಂದ ನೋಡಿದರೆ ನಡು ಕಾಣಬೇಕು. ನಮ್ಮ ಮುಧೋಳ ನಾಯಿಯನ್ನು ನೋಡಿ ‘ಪಾಪ, ಬಡಕಲು’ ಅನ್ನೋರುಂಟು. ಅದರ ಓಟಕ್ಕೆ ಆ ಮೈಕಟ್ಟೇ ಬಂಡವಾಳ. ಅಂಗಡಿಯವರಿಗೆ ತಕ್ಕಡಿ ಇದ್ದೇ ಇದೆ, ತಿಂಗಳಿಗೊಮ್ಮೆ ತೂಗಿ. ಹಾಗಂತ ಒಮ್ಮೆಲೇ ಉಪವಾಸ ಕೆಡವಬೇಡಿ. ದನದ ಆಸ್ಪತ್ರೆ ಡಾಕ್ಟರನ್ನು ಕೇಳಿ, ನಿಧಾನವಾಗಿ ಇಳಿಸಿ.

ಬಿಸ್ಕತ್ತಿನ ಬದಲು ಸಂಜೆ ಎರಡು ಸುತ್ತು ನಡೆಸಿ. ಜೊತೆಗೆ ಯಜಮಾನನ ಹೊಟ್ಟೆಯೂ ಒಂದಿಷ್ಟು ಇಳಿದರೆ ಯಾರಿಗೂ ನಷ್ಟವಿಲ್ಲ!