ಉಳಿತಾಯದ ವಿಮಾನವೂ ಅರ್ಧ ಗಂಟೆಯ ದಾಸ್ತಾನೂ



ಹೋದ ತಿಂಗಳು ಕಾಳುಮೆಣಸಿನ ಧಾರಣೆಯ ಬಗ್ಗೆ ಬರೆದಿದ್ದೆ. ಈ ಸಲ ವಿಮಾನದ ವಿಷಯ. ಎಸ್‌ಎಸ್‌ಎಲ್‌ಸಿಯಿಂದ ಆಚೆ ಓದದ ಈ ಮನುಷ್ಯನಿಗೆ ವಿಮಾನದ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ನಮ್ಮ ಕಾಸರಗೋಡು ಕಡೆ ವಿಮಾನದ ಉಸಾಬರಿ ಇಲ್ಲದ ಮನೆ ಹುಡುಕಬೇಕಷ್ಟೆ. ನೆಕ್ರಾಜೆಯಲ್ಲಿ ನಮ್ಮ ಅಂಗಡಿಗೆ ಬರುವ ಹತ್ತು ಗಿರಾಕಿಗಳಲ್ಲಿ ನಾಲ್ಕೈದು ಜನರ ಮಕ್ಕಳು ಗಲ್ಫಿನಲ್ಲಿದ್ದಾರೆ. ನನ್ನ ಎರಡನೆಯ ಮಗನೂ ಅಲ್ಲಿಯೇ ಇದ್ದಾನೆ.

ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ ಅವನನ್ನು ಕರೆತರಲು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ವಿಮಾನ ಮಧ್ಯಾಹ್ನ ಮೂರಕ್ಕೆ ಬರಬೇಕಿತ್ತು. ಸೂರ್ಯಾಸ್ತಕ್ಕೆ ಮೊದಲು ಮನೆ ಸೇರಿ ಊಟ ಮುಗಿಸಬಹುದೆಂದು ನಮ್ಮ ಲೆಕ್ಕ. ಮಳೆ ಹಿಡಿದು ಎದುರಿನ ಗುಡ್ಡವೇ ಕಾಣದಂತಾಯಿತು. ವಿಮಾನ ಮೇಲೆಯೇ ಸುತ್ತುತ್ತಿದೆ ಎಂದರು. ಅರ್ಧ ಗಂಟೆಯ ಬಳಿಕ, ಬೆಂಗಳೂರಿಗೆ ಹೋಯಿತು ಎಂದರು. ನನಗೆ ಸಿಟ್ಟು ಬಂತು. ಕಾರಿನ ಬಾಡಿಗೆ ದಂಡ, ರಾತ್ರಿಯ ಊಟ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅರ್ಧ ಗಂಟೆ ಸುಮ್ಮನೆ ಸುತ್ತಿ ಎಷ್ಟು ಎಣ್ಣೆ ಹಾಳು ಮಾಡಿದರು ಎಂದು ಪಕ್ಕದಲ್ಲಿ ಕುಳಿತವರೊಡನೆ ದೂರಿದೆ. ವ್ಯಾಪಾರಿಯ ಬಾಯಿಯಲ್ಲಿ ಬರುವ ಮಾತು ಅದೇ ತಾನೇ.

ಅವರು ವಿಮಾನ ನಿಲ್ದಾಣವೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಅದು ಹಾಳಾದ ಎಣ್ಣೆಯಲ್ಲ ಸ್ವಾಮಿ, ಹೀಗೆ ಸುಡುವುದಕ್ಕೆಂದೇ ಹೊತ್ತು ತಂದ ಎಣ್ಣೆ" ಎಂದರು. ಅವರು ವಿವರಿಸಿದ ಲೆಕ್ಕ ನನಗೆ ಕೂಡಲೇ ಅರ್ಥವಾಯಿತು, ಏಕೆಂದರೆ ಅದು ಗೋದಾಮಿನ ಲೆಕ್ಕ. ತಲಪಬೇಕಾದ ಊರಿಗೆ ಬೇಕಾದಷ್ಟು ಇಂಧನ, ದಾರಿಯ ಏರುಪೇರಿಗೆ ಸ್ವಲ್ಪ, ಅಲ್ಲಿ ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಕೊನೆಯ ದಾಸ್ತಾನಾಗಿ 30 ನಿಮಿಷ ಹಾರುವಷ್ಟು. ಜೆಟ್ ವಿಮಾನಗಳಿಗೆ ಇದು ಕಡ್ಡಾಯ. ಆ ಕೊನೆಯ ಅರ್ಧ ಗಂಟೆಯ ದಾಸ್ತಾನನ್ನು ಮುಟ್ಟಬೇಕಾಗಿ ಬಂದರೆ ಪೈಲಟ್ ಅಪಾಯದ ಕರೆ ಕೊಡಬೇಕು, ಕಂಟ್ರೋಲ್ ಟವರಿನವರು ಉಳಿದ ವಿಮಾನಗಳನ್ನು ಬದಿಗೆ ಸರಿಸಿ ಅದಕ್ಕೆ ದಾರಿ ಬಿಡಬೇಕು.

ಈಗ ಪತ್ರಿಕೆಗಳಲ್ಲಿ ಹೊಗೆ ಕಡಿಮೆ ಉಗುಳುವ ವಿಮಾನಗಳ ಸುದ್ದಿ ಬಂದಾಗಲೆಲ್ಲ ನನಗೆ ಆ ದಿನ ನೆನಪಾಗುತ್ತದೆ. ಹೊಗೆ ಕಡಿಮೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಉಳಿತಾಯ ಎಲ್ಲಿಂದ ಬರುತ್ತದೆ ಎಂದು ನೋಡಬೇಡವೇ?

ಇಂಧನವನ್ನಷ್ಟೇ ಬದಲಿಸುವವರ ಬಗ್ಗೆ ಚಿಂತೆಯಿಲ್ಲ. 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್ ಸಂಸ್ಥೆ ಜಟ್ರೋಫಾ ಬೀಜದ ಎಣ್ಣೆಯಿಂದ ತಯಾರಾದ ಇಂಧನವನ್ನು ಮಾಮೂಲಿ ಇಂಧನಕ್ಕೆ ಬೆರೆಸಿ ಡೆಹ್ರಾಡೂನಿನಿಂದ ದೆಹಲಿಗೆ ವಿಮಾನ ಹಾರಿಸಿತು. ನಮ್ಮ ಬೇಲಿಯ ಕಾಡುಹರಳು ಗಿಡವೇ ಅದು. ಅಂತಾರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇಕಡಾ 1, 2028ಕ್ಕೆ ಶೇಕಡಾ 2ರಷ್ಟು ಇಂತಹ ಇಂಧನವನ್ನು ಬೆರೆಸುವ ಗುರಿಯನ್ನು ಕೇಂದ್ರ ಸರಕಾರ ಇಟ್ಟಿದೆ. ಟವರಿನಲ್ಲಿ ಕುಳಿತವರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ವಿಮಾನ ಅದೇ, ವೇಗ ಅದೇ, ಭಾರವೂ ಅದೇ.

ಎಂಜಿನ್ ಬದಲಾದಾಗ ಕತೆ ಬೇರೆ. ಇಂಡಿಗೋ ಸಂಸ್ಥೆಗೆ 2016ರಲ್ಲಿ ಬಂದ ಏರ್‌ಬಸ್ ಎ320 ನಿಯೋ ವಿಮಾನ ಹಳೆಯದಕ್ಕಿಂತ ಸುಮಾರು ಶೇಕಡಾ 15 ಇಂಧನ ಉಳಿಸುತ್ತದೆ ಎಂದು ಹೇಳಿದ್ದರು, ಅದು ನಿಜವೂ ಹೌದು. ಆದರೆ ಅದರ ಪ್ರಾಟ್ ಅಂಡ್ ವಿಟ್ನಿ ಎಂಜಿನ್ ಮೊದಲ ದಿನಗಳಲ್ಲಿ ಚಾಲೂ ಆಗಲು ಮಾಮೂಲಿಗಿಂತ ಕೆಲವು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತಿತ್ತು. ಕೆಲವು ನಿಮಿಷ ಎಂದರೆ ನಮಗೆ ಏನೂ ಅಲ್ಲ. ಹಿಂದೆ ನಾಲ್ಕು ವಿಮಾನ ಸಾಲು ನಿಂತಿರುವಾಗ ನೆಲದ ಸಂಚಾರ ನೋಡಿಕೊಳ್ಳುವ ಕಂಟ್ರೋಲರಿಗೆ ಅದು ದೊಡ್ಡ ಸಂಗತಿ. ಆಮೇಲೆ ಹಾರಾಟದಲ್ಲೇ ಎಂಜಿನ್ ನಿಂತ ಪ್ರಕರಣಗಳಾದವು. 2018ರ ಮಾರ್ಚ್ 12ರಂದು ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಇಂಡಿಗೋ ಮತ್ತು ಗೋಏರ್‌ಗಳ ಒಟ್ಟು 11 ವಿಮಾನಗಳನ್ನು ನೆಲಕ್ಕಿಳಿಸಿತು. ಗೋ ಸಂಸ್ಥೆಯಂತೂ 2023ರ ಮೇಯಲ್ಲಿ ಈ ಎಂಜಿನ್‌ಗಳನ್ನೇ ದೂರಿ ಬಾಗಿಲು ಹಾಕಿತು.

ಬೋಯಿಂಗ್ 737 ಮ್ಯಾಕ್ಸ್‌ನ ಕತೆ ಇನ್ನೂ ದುಃಖದ್ದು. ಇಂಧನ ಉಳಿಸುವ ದೊಡ್ಡ ಎಂಜಿನ್‌ಗಳನ್ನು ಹಳೆಯ ವಿಮಾನದ ರೆಕ್ಕೆಗೆ ಸ್ವಲ್ಪ ಮುಂದಕ್ಕೆ ಸರಿಸಿ ಕೂರಿಸಿದರು. ಅದರಿಂದ ಕೆಲವು ಸಂದರ್ಭಗಳಲ್ಲಿ ಮೂಗು ಮೇಲೇಳುವ ಸ್ವಭಾವ ಬಂತು. ಅದನ್ನು ಸರಿಪಡಿಸಲು ತಾನಾಗಿ ಮೂಗನ್ನು ಕೆಳಕ್ಕೆ ಒತ್ತುವ ಒಂದು ಗಣಕ ವ್ಯವಸ್ಥೆ ಇಟ್ಟರು, ಪೈಲಟ್‌ಗಳಿಗೆ ಸರಿಯಾಗಿ ತಿಳಿಸಲಿಲ್ಲ. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ, ಎರಡೂ ಸೇರಿ 346 ಜನ ಹೋದರು. ದೋಷ ಸರಿಪಡಿಸಿದ ಮೇಲೆ 2021ರ ಆಗಸ್ಟ್‌ನಲ್ಲಿ ನಮ್ಮ ದೇಶದಲ್ಲಿ ಅದಕ್ಕೆ ಮತ್ತೆ ಅನುಮತಿ ಸಿಕ್ಕಿತು. ತೂಕದ ಕಲ್ಲು ಬದಲಾಯಿಸಿ ಗುಮಾಸ್ತನಿಗೇ ಹೇಳದಿದ್ದರೆ ಅಂಗಡಿ ಏನಾದೀತು, ನೀವೇ ಹೇಳಿ.

ಇನ್ನು ಬರಲಿರುವವು ಬ್ಯಾಟರಿಯ ವಿಮಾನಗಳು. ಟವರಿನವರಿಗೆ ನಿಜವಾದ ತಲೆನೋವು ಇಲ್ಲಿ. ವಿಮಾನದ ಎಣ್ಣೆ ಒಂದು ಕಿಲೋದಲ್ಲಿ ಸುಮಾರು 12 ಯುನಿಟ್ ಶಕ್ತಿ ಇದೆ. ಒಂದು ಕಿಲೋ ಬ್ಯಾಟರಿಯಲ್ಲಿ ಇರುವುದು ಹೆಚ್ಚು ಕಡಿಮೆ ಕಾಲು ಯುನಿಟ್. ಮೋಟಾರು ಎಂಜಿನಿನಷ್ಟು ಪೋಲು ಮಾಡುವುದಿಲ್ಲ ನಿಜ, ಆದರೂ ಅಂತರ ಬಹಳ. ಯೂರೋಪಿನಲ್ಲಿ 2020ರಲ್ಲಿ ಮೊದಲು ಅನುಮತಿ ಪಡೆದ ಎರಡು ಸೀಟಿನ ವಿದ್ಯುತ್ ವಿಮಾನ ಪಿಪಿಸ್ಟ್ರೆಲ್ ವೆಲಿಸ್ ಹಾರುವುದು ಸುಮಾರು 50 ನಿಮಿಷ ಮಾತ್ರ. ಇಂಥದ್ದಕ್ಕೆ ಅರ್ಧ ಗಂಟೆಯ ದಾಸ್ತಾನು ಇಡು ಎಂದರೆ ಬಂಡವಾಳದ ಬಹುಪಾಲನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ವ್ಯಾಪಾರ ಮಾಡು ಎಂದ ಹಾಗೆ. ದಾಸ್ತಾನು ಕಡಿಮೆ ಮಾಡಿದರೆ, ಆ ಮಳೆಯ ದಿನ ನನ್ನ ಮಗನ ವಿಮಾನವನ್ನು ಸುತ್ತಿಸಿದಂತೆ ಅದನ್ನು ಸುತ್ತಿಸುವ ಹಾಗಿಲ್ಲ. ಬಂದ ಕೂಡಲೇ ಇಳಿಸಬೇಕು. ಎಲ್ಲ ವಿಮಾನಗಳೂ ಹಾಗೆಯೇ ಬಂದರೆ ಯಾರನ್ನು ಮೊದಲು ಇಳಿಸುವುದು?

ಇನ್ನೊಂದು ವಿಷಯ ಇದೆ. ಎಣ್ಣೆ ಸುಟ್ಟ ಹಾಗೆ ವಿಮಾನ ಹಗುರವಾಗುತ್ತದೆ, ಹಗುರವಾಗಿ ಇಳಿಯುತ್ತದೆ. ಬ್ಯಾಟರಿ ಖಾಲಿಯಾದರೂ ತೂಕ ಅಷ್ಟೇ. ಹೊರಟ ಭಾರದಲ್ಲೇ ಇಳಿಯಬೇಕು. ಬೆಂಗಳೂರಿನ ಎನ್‌ಎಎಲ್‌ನವರು ಇ-ಹಂಸ ಎಂಬ ಎರಡು ಸೀಟಿನ ವಿದ್ಯುತ್ ತರಬೇತಿ ವಿಮಾನ ರೂಪಿಸುವುದಾಗಿ 2025ರಲ್ಲಿ ಪ್ರಕಟವಾಯಿತು. ನಮ್ಮವರೇ ಮಾಡುತ್ತಾರೆ ಎಂದರೆ ಹೆಮ್ಮೆಯೇ. ಆದರೆ ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಹೋಗುವ ಸಣ್ಣ ವಿಮಾನ, ಇಳಿಯುವಾಗಲೂ ಇನ್ನೂರೈವತ್ತರ ವೇಗದಲ್ಲಿರುವ ಜೆಟ್, ಎರಡನ್ನೂ ಒಂದೇ ದಾರಿಯಲ್ಲಿ ಕಳುಹಿಸುವುದು ಎಂದರೆ ಹೆದ್ದಾರಿಯಲ್ಲಿ ಎತ್ತಿನ ಗಾಡಿಯನ್ನೂ ಬಸ್ಸನ್ನೂ ಒಟ್ಟಿಗೆ ಬಿಟ್ಟ ಹಾಗೆ. ಮೇಲಾಗಿ ದೊಡ್ಡ ವಿಮಾನದ ಹಿಂದೆ ಏಳುವ ಗಾಳಿಯ ಸುಳಿಯಿಂದ ಸಣ್ಣದನ್ನು ದೂರ ಇಡಬೇಕು. ಆ ಅಂತರ ಲೆಕ್ಕ ಹಾಕುವವನು ಕಂಟ್ರೋಲರ್.

ಹಾಗಾದರೆ ಉಳಿತಾಯವೂ ಸುರಕ್ಷತೆಯೂ ಒಂದೇ ಕಡೆ ಸೇರುವುದೇ ಇಲ್ಲವೇ? ಸೇರುವ ಜಾಗ ಒಂದಿದೆ. ಅದನ್ನು ನಮ್ಮ ಜಿಲ್ಲೆಯವರು ತುಂಬ ಬೆಲೆ ಕೊಟ್ಟು ಕಲಿತಿದ್ದೇವೆ.

ವಿಮಾನ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಪ್ರತಿ ಮೆಟ್ಟಿಲಲ್ಲೂ ಎಂಜಿನ್‌ಗೆ ಮತ್ತೆ ಜೋರು ಕೊಡಬೇಕು. ಬಹಳ ದೂರದಿಂದಲೇ ಒಂದೇ ಸಮನಾದ ಇಳಿಜಾರಿನಲ್ಲಿ, ಎಂಜಿನ್ ಸಣ್ಣದಾಗಿಟ್ಟು ಇಳಿದರೆ ಇಂಧನವೂ ಕಡಿಮೆ, ಹೊಗೆಯೂ ಕಡಿಮೆ. ಇಂದು ಪ್ರಪಂಚದ ನಿಲ್ದಾಣಗಳೆಲ್ಲ ಇದನ್ನೇ ಪ್ರೋತ್ಸಾಹಿಸುತ್ತಿವೆ. ಆದರೆ ಇದಕ್ಕೆ ಕಂಟ್ರೋಲರ್ ಮೊದಲೇ ಅನುಮತಿ ಕೊಡಬೇಕು. ಕೊಡಬೇಕಾದರೆ ಯಾವ ವಿಮಾನ ಎಲ್ಲಿದೆ ಎಂದು ರಾಡಾರಿನಲ್ಲಿ ಅವನಿಗೆ ಕಾಣಬೇಕು.

2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನ ಇದ್ದರು. ಬದುಕಿದವರು 8. ಆ ವಾರ ನನ್ನ ಗಿರಾಕಿಯೊಬ್ಬರ ಮನೆಗೆ ಹೋಗಿದ್ದೆ. ಮಗನ ಮದುವೆಗೆ ತೆಗೆದಿಟ್ಟ ಅಕ್ಕಿಯ ಚೀಲಗಳು ಚಾವಡಿಯಲ್ಲಿ ಹಾಗೆಯೇ ಇದ್ದವು. ಅದನ್ನು ಇಲ್ಲಿ ಹೆಚ್ಚು ಬರೆಯಲಾರೆ.

ತನಿಖಾ ನ್ಯಾಯಾಲಯದ ವರದಿ ಹೇಳಿದ್ದು ಹೀಗೆ. ಮಂಗಳೂರಿನ ರಾಡಾರ್ ಮೇ 20ರಿಂದ ಕೆಟ್ಟಿತ್ತು. ಆದ್ದರಿಂದ ವಿಮಾನಕ್ಕೆ ಇಳಿಯುವ ಅನುಮತಿ ಮಾಮೂಲಿಗಿಂತ ತಡವಾಗಿ, ಹತ್ತಿರ ಬಂದ ಮೇಲೆ ಸಿಕ್ಕಿತು. ಅದಕ್ಕೆ ತಕ್ಕಂತೆ ಇಳಿಜಾರನ್ನು ಯೋಜಿಸದೆ ವಿಮಾನ ಎತ್ತರದಲ್ಲೇ ಉಳಿಯಿತು. ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಹೋಗಿದ್ದ ಕ್ಯಾಪ್ಟನ್, ಜೊತೆಯ ಪೈಲಟ್ ಮೂರು ಸಲ ಮೇಲೇರೋಣ ಎಂದರೂ ಇಳಿಯುವುದನ್ನು ಬಿಡಲಿಲ್ಲ. ವಿಮಾನ ನೆಲ ಮುಟ್ಟಿದ್ದು ರನ್‌ವೇ ಶುರುವಾಗಿ ಸುಮಾರು 5,200 ಅಡಿ ದಾಟಿದ ಮೇಲೆ. ಉಳಿದದ್ದು ಸುಮಾರು 2,800 ಅಡಿ, ಆಮೇಲೆ ಕಣಿವೆ. ನೇರ ಕಾರಣ ಕ್ಯಾಪ್ಟನ್‌ನದೇ ಎಂದು ವರದಿ ಹೇಳಿತು, ರಾಡಾರಿನದಲ್ಲ. ಅದನ್ನು ನಾನು ಒಪ್ಪುತ್ತೇನೆ. ಆದರೂ ದೂರದಿಂದಲೇ ಹದವಾಗಿ ಇಳಿಸಿದ್ದರೆ ಆ ಎತ್ತರದ ಪ್ರಶ್ನೆಯೇ ಬರುತ್ತಿರಲಿಲ್ಲವೇನೋ ಎಂಬ ಯೋಚನೆ ಬಿಟ್ಟು ಹೋಗುವುದಿಲ್ಲ.

ಆದ್ದರಿಂದ ಹೊಸ ವಿಮಾನಕ್ಕೆ ಹಣ ಹಾಕುವಾಗ ರಾಡಾರಿಗೂ, ಅದರ ಮುಂದೆ ಕೂರುವ ಹುಡುಗರಿಗೂ ಹಣ ಹಾಕಿ ಎಂದು ಕೇಳುವ ಹಕ್ಕು ನಮಗಿದೆ. ಇನ್ನು, ಇಳಿಜಾರು ಸರಿಯಾಗದಿದ್ದರೆ ಮತ್ತೆ ಮೇಲೇರುವ ಪೈಲಟ್‌ನಿಂದ ಇಂಧನದ ಲೆಕ್ಕ ಯಾರೂ ಕೇಳಬಾರದು. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ 21 ಜನ ಹೋದದ್ದೂ ಮಳೆಯಲ್ಲಿ, ಇಂಥದೇ ಗುಡ್ಡದ ಮೇಲಿನ ನಿಲ್ದಾಣದಲ್ಲಿ.

ಅಂದು ಬೆಂಗಳೂರಿಗೆ ಹೋದ ಮಗ ಮಾರನೆಯ ದಿನ ಬಸ್ಸಿನಲ್ಲಿ ಬಂದ. ಈ ವರ್ಷವೂ ಅವನಿಗೆ ರಜೆ ಸಿಕ್ಕಿರುವುದು ಜುಲೈಯಲ್ಲೇ. ಕಾರಿನವನಿಗೆ ಇಡೀ ದಿನದ ಬಾಡಿಗೆ ಮಾತಾಡಿದ್ದೇನೆ. ಬುತ್ತಿ ಕಟ್ಟಿಕೊಂಡು ಹೋಗಿ ಬೆಳಕಿರುವಾಗಲೇ ಅಲ್ಲಿಯೇ ಉಂಡು ಕಾಯುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.