ಓಡಿದರೆ ಉಳಿಯುವ ಬಂಡಿ

ಪುಣೆಯಲ್ಲಿ ನೆಲಸಿರುವ ನಮ್ಮ ವಾಚಕರೊಬ್ಬರು ಕಳೆದ ವಾರ ನಮಗೊಂದು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ತೀರ್ಥರೂಪರು ಇತ್ತೀಚೆಗೆ ದೈವಾಧೀನರಾದರು. ಹಿರಿಯರು ಬಿಟ್ಟುಹೋದ ಸೊತ್ತಿನಲ್ಲಿ ಎಂ.ಜಿ.ಬಿ. ಎಂಬ, ಇಬ್ಬರು ಮಾತ್ರ ಕೂರಬಹುದಾದ ಹಳೆಯ ಸ್ಪೋರ್ಟ್ಸ್ ಕಾರೂ ಒಂದು. ಬಂಧುಗಳು ಮೂರು ಬಗೆಯ ಸಲಹೆ ಕೊಟ್ಟಿದ್ದಾರೆ. ಬಂದ ಬೆಲೆಗೆ ಮಾರಿಬಿಡು ಎಂಬುದು ಒಂದು. ಮೆರುಗು ಹಾಕಿಸಿ ಅಂಗಳದಲ್ಲಿ ಶೋಭೆಗೆ ನಿಲ್ಲಿಸು ಎಂಬುದು ಇನ್ನೊಂದು. ಹಳೆಯ ವಾಹನಗಳ ವಿಶೇಷ ನಂಬರು ಮಾಡಿಸಿ ವರ್ಷಕ್ಕೊಮ್ಮೆ ಮೆರವಣಿಗೆಗೆ ಒಯ್ದರೆ ಸಾಕು ಎಂಬುದು ಮೂರನೆಯದು. “ತಾವೂ ಅಂಥದೇ ಬಂಡಿಯಲ್ಲಿ ಕಚೇರಿಗೆ ಹೋಗುವುದನ್ನು ನೋಡಿದ್ದೇನೆ. ತಮ್ಮ ಅಭಿಪ್ರಾಯವೇನು?” ಎಂದು ಅವರು ಕೇಳಿದ್ದಾರೆ.

ಮೂರೂ ಬೇಡ, ಓಡಿಸಿರಿ ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುವುದು ನಮ್ಮ ಕರ್ತವ್ಯವಾಗಿದೆ. ಆ ಕಾರಣಗಳನ್ನು ನಾವು ಪುಸ್ತಕದಿಂದ ಕಲಿತುದಲ್ಲ, ಕೈಸುಟ್ಟುಕೊಂಡು ಕಲಿತುದು.

ಮೊದಲು ಬಂಡಿಯ ಪರಿಚಯ. ಎಂ.ಜಿ.ಬಿ. ಹುಟ್ಟಿದುದು 1962ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ. 1980ರ ಅಕ್ಟೋಬರದಲ್ಲಿ ಆ ಕಾರ್ಖಾನೆ ಮುಚ್ಚುವಷ್ಟರಲ್ಲಿ ಐದು ಲಕ್ಷಕ್ಕೂ ಹೆಚ್ಚು ಬಂಡಿಗಳು ಅಲ್ಲಿಂದ ಹೊರಬಿದ್ದಿದ್ದವು. 1798 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನು, ಅದರ ಪಕ್ಕದಲ್ಲಿ ಜೋಡಿ ಎಸ್.ಯು. ಕಾರ್ಬ್ಯುರೇಟರುಗಳು, ಮಡಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಮಾಡು. ಇಷ್ಟೇ ಅದರ ವೈಭವ. ಅದರ ಶಕ್ತಿ ಸುಮಾರು 95 ಕುದುರೆಗಳದು. ಇಂದಿನ ಸಾಧಾರಣ ಸಂಸಾರದ ಕಾರು ಕೂಡ ಅದನ್ನು ಸಲೀಸಾಗಿ ಹಿಂದೆ ಹಾಕಬಲ್ಲದು. ಎಂ.ಜಿ. ಎಂಬ ಅದೇ ಹೆಸರಿನಲ್ಲಿ 2019ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಹೊಸ ಕಾರುಗಳಿಗೂ ಇದಕ್ಕೂ ಹೆಸರೊಂದರ ಹೊರತು ಬೇರೆ ನೆಂಟಸ್ತಿಕೆ ಇಲ್ಲ.

ನಮ್ಮ ಬಂಡಿ 1965ನೆಯ ಇಸವಿಯದು. ಎಸ್.ಎಸ್.ಎಲ್.ಸಿ. ಮುಗಿಸಿ, ಕಾಲೇಜಿನ ಮೆಟ್ಟಿಲು ಹತ್ತದೆ ಮುಂಬಯಿಗೆ ಬಂದು, ಮೇಜು ಒರೆಸುವುದರಿಂದ ಮೊದಲ್ಗೊಂಡು ಗಲ್ಲೆಯ ಮೇಲೆ ಕೂರುವವರೆಗೆ ಏರಿದ ನಮಗೆ ಇಂಥ ಬಂಡಿಯ ಯೋಗವಿದೆಯೆಂದು ಯಾರೂ ಎಣಿಸಿರಲಿಲ್ಲ. ನಮ್ಮ ಹೋಟೆಲಿಗೆ ಪ್ರತಿದಿನ ಬೆಳಿಗ್ಗೆ ಕಾಫಿಗೆ ಬರುತ್ತಿದ್ದ ದಾದರಿನ ಪಾರಸಿ ವೃದ್ಧರೊಬ್ಬರು, ಕಣ್ಣು ಮಂದವಾಗಿ ಇನ್ನು ತಾವು ಓಡಿಸಲಾರೆವೆಂದು ತಿಳಿದ ದಿನ, ಬೀಗದ ಕೈಯನ್ನು ನಮ್ಮ ಗಲ್ಲೆಯ ಮೇಲಿಟ್ಟರು. ಕೇಳಿದ ಬೆಲೆ ಹೆಚ್ಚಿನದಾಗಿರಲಿಲ್ಲ. ವಿಧಿಸಿದ ಷರತ್ತು ಮಾತ್ರ ಒಂದಿತ್ತು. “ಪೂಜೆಗೆ ಇಡಬೇಡ ಶೆಟ್ಟಿ, ಓಡಿಸು.”

ಆ ಮಾತನ್ನು ನಾವು ಒಂದು ಸಲ ಮುರಿದೆವು. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ನಮ್ಮ ಹೋಟೆಲೂ ಮುಚ್ಚಿತು, ಬಂಡಿಯೂ ನಿಂತಿತು. ಮಳೆ ಬರುವ ಮುನ್ನ ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿದು ನಾವು ಊರಿಗೆ ಹೋದೆವು. ಒಳ್ಳೆಯದನ್ನೇ ಮಾಡಿದೆವೆಂದು ಭಾವಿಸಿದ್ದೆವು. ತಿಂಗಳುಗಳ ತರುವಾಯ ಮರಳಿ ಬಂದು ಹೋಟೆಲಿನ ಬಾಗಿಲು ತೆರೆದಾಗ ಮೊದಲು ಕಂಡುದು ದೋಸೆಯ ಕಾವಲಿ. ನಿತ್ಯ ಕನ್ನಡಿಯಂತೆ ಹೊಳೆಯುತ್ತಿದ್ದ ಆ ಕಬ್ಬಿಣವು ಕೆಂಪು ತುಕ್ಕಿನಿಂದ ಮುಚ್ಚಿಹೋಗಿತ್ತು. ಅದನ್ನು ಉಜ್ಜಿ ತೊಳೆದು, ಎಣ್ಣೆ ಹಚ್ಚಿ ಕಾಯಿಸಿ, ಈರುಳ್ಳಿಯ ಹೋಳಿನಿಂದ ತಿಕ್ಕಿದ ಮೂರನೆಯ ದಿನ ದೋಸೆ ಹರಿಯದೆ ಎದ್ದಿತು. ಬಂಡಿ ಏಳಲು ನಾಲ್ಕು ತಿಂಗಳು ಹಿಡಿಯಿತು. ಪ್ಲಾಸ್ಟಿಕ್ಕಿನೊಳಗೆ ಬೆವೆತ ತೇವ ಹೊರಬೀಳಲು ದಾರಿಯಿಲ್ಲದೆ ತಗಡನ್ನು ತಿಂದಿತ್ತು. ಬ್ರೇಕುಗಳು ಅಂಟಿಕೊಂಡಿದ್ದವು, ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕಿನ ಪುಡಿ ಸೇರಿತ್ತು, ಕ್ಲಚ್ಚಿನ ರಬ್ಬರು ಒಣಗಿ ಸೋರುತ್ತಿತ್ತು, ಇಲಿಗಳು ವಯರುಗಳನ್ನು ಕಡಿದಿದ್ದವು. ಆ ನಿಲುಗಡೆಯಿಂದಾದ ವೆಚ್ಚವು ಅದಕ್ಕೂ ಹಿಂದಿನ ಮೂರು ವರ್ಷಗಳ ಒಟ್ಟು ನಿರ್ವಹಣೆಯ ವೆಚ್ಚವನ್ನು ಮೀರಿತೆಂದು ನಮ್ಮ ಲೆಕ್ಕದ ಪುಸ್ತಕ ಹೇಳುತ್ತದೆ.

ಓಡುವ ಯಂತ್ರವು ಸವೆಯುತ್ತದೆ, ನಿಜ. ಆದರೆ ನಿಂತ ಯಂತ್ರವು ಕೊಳೆಯುತ್ತದೆ. ಸವೆತವು ನಿಧಾನವಾದುದು, ಲೆಕ್ಕಕ್ಕೆ ಸಿಗುವಂಥದು, ಬಿಡಿಭಾಗ ಹಾಕಿ ಸರಿಪಡಿಸಬಹುದಾದುದು. ಕೊಳೆತಕ್ಕೆ ಲೆಕ್ಕವಿಲ್ಲ. ಈ ಎರಡರ ಅಂತರವನ್ನು ಅರಿತವನೇ ಹಳೆಯ ಬಂಡಿಯ ಯಜಮಾನನಾಗಲು ಅರ್ಹನು.

ಇನ್ನು ನಿತ್ಯದ ಆರೈಕೆಯ ಮಾತು. ಇದು ಕಷ್ಟದ್ದೆಂದು ಹೆದರುವವರೇ ಬಹಳ. ವಾಸ್ತವದಲ್ಲಿ ಹೋಟೆಲಿನ ಬೆಳಗಿನ ಕೆಲಸಕ್ಕಿಂತ ಇದು ಹಗುರ. ಹೊರಡುವ ಮುನ್ನ ಎಂಜಿನಿನ ಎಣ್ಣೆ ಮತ್ತು ರೇಡಿಯೇಟರಿನ ನೀರು ನೋಡುವುದು, ಬಂಡಿ ನಿಂತಿದ್ದ ನೆಲದ ಮೇಲೆ ಹೊಸ ಕಲೆ ಬಿದ್ದಿದೆಯೇ ಎಂದು ಬಗ್ಗಿ ನೋಡುವುದು. ಎಣ್ಣೆಯಾದರೆ 20ಡಬ್ಲ್ಯು-50 ಎಂಬ ದಪ್ಪನೆಯದೇ ಆಗಬೇಕು. ಹೊಸ ಕಾರುಗಳ ನೀರಿನಂಥ ಎಣ್ಣೆ ಈ ಎಂಜಿನಿಗೆ ಹಿಡಿಸದು. ಕಾರ್ಬ್ಯುರೇಟರುಗಳ ತಲೆಯ ಮುಚ್ಚಳ ತಿರುಗಿಸಿ ಆಗಾಗ ಒಂದಿಷ್ಟು ತೆಳು ಎಣ್ಣೆ ಬಿಡಬೇಕು. ಅದು ಬತ್ತಿದರೆ, ಒತ್ತಿದೊಡನೆ ಮುಂದಕ್ಕೆ ಚಿಮ್ಮಬೇಕಾದ ಬಂಡಿ ತಡವರಿಸುತ್ತದೆ. ಮೂರು ಸಾವಿರ ಮೈಲಿಗೊಮ್ಮೆ ಮುಂದಿನ ಗಾಲಿಗಳ ಕಿಂಗ್‌ಪಿನ್ನುಗಳಿಗೆ ಗ್ರೀಸು ತುಂಬಬೇಕೆಂದು ಹಳೆಯ ಕೈಪಿಡಿ ಹೇಳುತ್ತದೆ. ನಮ್ಮ ಮುಂಬಯಿಯ ರಸ್ತೆಗಳಿಗೆ ಸಾವಿರ ಮೈಲಿಗೊಮ್ಮೆ ತುಂಬಿದರೂ ಅತಿಯಾಗದು. ವಾಲ್ವುಗಳ ಸಂದು ಒಂದಂಗುಲದ ಸಾವಿರದಲ್ಲಿ ಹದಿನೈದು ಪಾಲು. ಅದನ್ನು ಅಳೆಯುವ ತಗಡಿನ ಗೇಜು ಒಂದು ಊಟದ ಬೆಲೆಗೆ ಸಿಗುತ್ತದೆ.

ಕೆಲವು ಎಚ್ಚರಿಕೆಗಳೂ ಅಗತ್ಯ. ಈ ಬಂಡಿಗೆ ಪ್ರತ್ಯೇಕವಾದ ಚಾಸಿಯಿಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾದಿರುವ ತಗಡಿನ ತೊಲೆಗಳೇ ಅದರ ಬೆನ್ನೆಲುಬು. ಬಾಗಿಲಿನ ಅಡಿಯ ನೀರಿಳಿಯುವ ತೂತುಗಳು ಕಸದಿಂದ ಮುಚ್ಚಿದರೆ ತೊಲೆಗಳು ಒಳಗಿಂದಲೇ ಕರಗುತ್ತವೆ. ಕಡಲ ಗಾಳಿಯ ಊರಿನಲ್ಲಿ ಮಳೆಗಾಲಕ್ಕೆ ಮುನ್ನ ಆ ತೂತುಗಳನ್ನು ಒಂದು ಕಡ್ಡಿಯಿಂದ ಬಿಡಿಸುವುದು ಸಾವಿರಾರು ರೂಪಾಯಿಗಳನ್ನು ಉಳಿಸುವ ಕೆಲಸ. 1967ಕ್ಕೆ ಮುಂಚಿನ ಬಂಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯನ್ನು ಬಂಡಿಯ ಮೈಗೆ ಜೋಡಿಸಿರುತ್ತಾರೆ. ಇಂದಿನ ಎಲೆಕ್ಟ್ರಿಷಿಯನ್ನರಿಗೆ ಅದನ್ನು ಮೊದಲೇ ಹೇಳದಿದ್ದರೆ ಹೊಗೆ ಏಳುವುದು ಖಂಡಿತ. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲಿ ನಿಂತುಹೋಯಿತು. ಆದುದರಿಂದ ಎಂಜಿನಿನ ತಲೆಯನ್ನು ಬಿಚ್ಚುವ ಸಂದರ್ಭ ಬಂದಾಗ ಗಟ್ಟಿಯಾದ ವಾಲ್ವ್ ಸೀಟುಗಳನ್ನು ಹಾಕಿಸಿಕೊಳ್ಳುವುದು ಕ್ಷೇಮ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಸೇರಿರುವುದರಿಂದ ಹಳೆಯ ರಬ್ಬರಿನ ಕೊಳವೆಗಳು ಬೇಗನೆ ಸೀಳುತ್ತವೆ. ಪೆಟ್ರೋಲು ಸೋರಿ ಬೆಂಕಿ ಹತ್ತುವ ಭಯವಿರುವಲ್ಲಿ ಉಳಿತಾಯದ ಮಾತು ಆಡಬಾರದು. ಅಂಥ ಕೊಳವೆಗಳನ್ನೆಲ್ಲ ಎಥೆನಾಲ್ ತಡೆಯುವಂಥವುಗಳಿಗೆ ಬದಲಾಯಿಸಲೇಬೇಕು.

“ಇದೆಲ್ಲ ಮಾಡಬಲ್ಲ ಮೆಕ್ಯಾನಿಕ್ ಎಲ್ಲಿ?” ಎಂದು ಪುಣೆಯ ಮಹನೀಯರು ಕೇಳಿಯಾರು. ಇದಕ್ಕೆ ಉತ್ತರ ನಮ್ಮ ಅಂಬಾಸಡರ್ ಕಾರಿನಲ್ಲಿದೆ. ಅಂಬಾಸಡರಿಗೆ ಬಹುಕಾಲ ಹಾಕುತ್ತಿದ್ದ 1489 ಸಿ.ಸಿ.ಯ ಪೆಟ್ರೋಲ್ ಎಂಜಿನು ಎಂ.ಜಿ.ಬಿ.ಯ ಎಂಜಿನಿನ ಒಡಹುಟ್ಟು. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸರಣಿಯವು. ಅಂಬಾಸಡರಿನ ತಯಾರಿ 2014ರಲ್ಲಿ ನಿಂತಿತು. ಆದರೆ ಅದರ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಮಿಸ್ತ್ರಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ನಮ್ಮ ಬಂಡಿಯನ್ನು ಎಬ್ಬಿಸಿದವರು ಕುರ್ಲಾದ ಅಂಥ ಒಬ್ಬ ಚಾಚಾ. ಒಂದಡಿ ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು, ಎರಡು ಕಾರ್ಬ್ಯುರೇಟರುಗಳ ಉಸಿರು ಒಂದೇ ಸಮನಾಗುವವರೆಗೆ ಅವರು ತಿರುಪು ತಿರುಗಿಸುತ್ತಾರೆ. “ಸೇಠ್, ಈ ಎಂಜಿನು ಕಂಪ್ಯೂಟರಿಗೆ ಮಾತಾಡುವುದಿಲ್ಲ, ಕಿವಿಗೆ ಮಾತಾಡುತ್ತದೆ” ಎಂದು ಅವರು ಹೇಳುವುದುಂಟು. ಅವರ ಮಗ ಈ ಕೆಲಸಕ್ಕೆ ಬರಲಿಲ್ಲ. ಬಾ ಎಂದು ಕರೆಯಲು ಬಂಡಿಗಳಾದರೂ ಎಲ್ಲಿವೆ? ಗಾಜಿನ ಕೋಣೆಯಲ್ಲಿ ನಿಂತ ಬಂಡಿಗೆ ಮಿಸ್ತ್ರಿ ಬೇಕಿಲ್ಲ, ಒರೆಸುವ ಬಟ್ಟೆಯೊಂದೇ ಸಾಕು. ಬಂಡಿ ಓಡಿದರೆ ಮಾತ್ರ ಮಿಸ್ತ್ರಿಗೆ ಅನ್ನ, ಮಿಸ್ತ್ರಿಗೆ ಅನ್ನವಿದ್ದರೆ ಮಾತ್ರ ಹುಡುಗನೊಬ್ಬನು ಅವನ ಬಳಿ ವಿದ್ಯೆ ಕಲಿಯುವನು. ಬಿಡಿಭಾಗಗಳಿಗೆ ಕೊರತೆಯಿಲ್ಲ. ಇಂಗ್ಲೆಂಡಿನಲ್ಲಿ 1988ರಲ್ಲಿಯೇ ಎಂ.ಜಿ.ಬಿ.ಯ ಇಡೀ ತಗಡಿನ ಒಡಲನ್ನು ಹೊಸದಾಗಿ ಮಾಡಿ ಮಾರಲು ಆರಂಭಿಸಿದರು. ಅಳಿದುಹೋಗುವ ಅಪಾಯವಿರುವುದು ಕಬ್ಬಿಣಕ್ಕಲ್ಲ, ಕೈಗೆ.

ಸಂತೋಷದ ಮಾತನ್ನು ಹೇಳದೆ ಮುಗಿಸಿದರೆ ನಾವು ಬಂಡಿಗೆ ಅನ್ಯಾಯ ಮಾಡಿದಂತಾದೀತು. ರವಿವಾರ ನಸುಕಿನಲ್ಲಿ, ಹಾಲಿನ ಗಾಡಿಗಳು ಓಡಾಡುವ ಹೊತ್ತಿಗೆ, ಮಾಡು ಮಡಚಿ ಹಳೆಯ ಪುಣೆ ರಸ್ತೆಯನ್ನು ಹಿಡಿಯುತ್ತೇವೆ. ಖೋಪೋಲಿ ದಾಟಿ ಘಾಟಿ ಏರತೊಡಗಿದಾಗ ಗಾಳಿ ತಣ್ಣಗಾಗುತ್ತದೆ, ಹಸಿಮಣ್ಣಿನ ವಾಸನೆ ನೇರವಾಗಿ ಮುಖಕ್ಕೆ ಬರುತ್ತದೆ. ತಿರುವಿನಲ್ಲಿ ಗೇರು ಇಳಿಸಿದಾಗ ಎಂಜಿನಿನ ದನಿ ಬಂಡೆಗೆ ತಾಗಿ ಮರಳಿ ಕೇಳುತ್ತದೆ. ಗಂಟೆಗೆ ಐವತ್ತು ಕಿಲೊಮೀಟರಿನಲ್ಲಿಯೇ ಓಟದ ಸುಖವೆಲ್ಲ ಕೈಗೆ ಸಿಗುತ್ತದೆ. ದಾರಿಯ ಚಹಾದಂಗಡಿಯಲ್ಲಿ ನಿಂತರೆ ಮಕ್ಕಳು ಮುತ್ತುತ್ತಾರೆ. ಕೂರಬಹುದೇ ಎಂದು ಕೇಳಿದ ಮಗುವಿಗೆ ಇಲ್ಲವೆಂದುದು ನಮಗೆ ನೆನಪಿಲ್ಲ. ಮೆರವಣಿಗೆಯ ಹಗ್ಗದ ಆಚೆ ನಿಂತ ಬಂಡಿಯಿಂದ ಆ ಮಗುವಿಗೆ ಏನು ದೊರೆತೀತು?

ಆಕ್ಷೇಪಗಳನ್ನೂ ನಾವು ಬಲ್ಲೆವು. ಇದರ ಹೊಗೆ ಹೊಸ ಕಾರಿನ ಹೊಗೆಯಷ್ಟು ಶುದ್ಧವಲ್ಲ, ಅಪಘಾತದಲ್ಲಿ ರಕ್ಷಿಸುವ ಗಾಳಿಚೀಲಗಳೂ ಇದರಲ್ಲಿಲ್ಲ. ಎರಡೂ ಸತ್ಯ. ಆದುದರಿಂದಲೇ ಮನೆಯ ಮಕ್ಕಳನ್ನು ಶಾಲೆಗೆ ಬಿಡಲು ನಾವು ಬೇರೆ ಕಾರನ್ನು ಇಟ್ಟುಕೊಂಡಿದ್ದೇವೆ. ಸರ್ಕಾರ ಈ ಹಳೆಯ ಬಂಡಿಗಳನ್ನು ಮರೆತಿಲ್ಲವೆಂಬುದೂ ನಿಜ. 2021ರ ಜುಲೈಯ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷಗಳ ವಿಶೇಷ ನೋಂದಣಿ ದೊರೆಯುತ್ತದೆ. ಇದು ಸ್ವಾಗತಾರ್ಹ. ಆದರೆ ಅಂಥ ವಾಹನವು ಪ್ರದರ್ಶನ, ಮೆರವಣಿಗೆ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಾಗಿ ಮಾತ್ರ ರಸ್ತೆಗಿಳಿಯಬಹುದೆಂಬ ಕಟ್ಟಳೆಯೂ ಅದರೊಡನೆ ಬಂದಿದೆ. ಗೌರವಿಸಲು ಹೋಗಿ ಕಟ್ಟಿಹಾಕಿದಂತಾಗಿದೆ. ವರ್ಷಕ್ಕೆ ಇಂತಿಷ್ಟು ಕಿಲೊಮೀಟರು ಎಂದು ಮಿತಿ ಹಾಕಿ, ಬ್ರೇಕು ಮತ್ತು ಹೊಗೆಯ ಪರೀಕ್ಷೆಯನ್ನು ಬಿಗಿಗೊಳಿಸಿ, ಅಷ್ಟರಮಟ್ಟಿಗೆ ಸ್ವಂತ ಸಂತೋಷಕ್ಕೆ ಓಡಿಸಲು ಬಿಡುವುದೇ ನ್ಯಾಯವೆಂದು ನಾವು ಸರ್ಕಾರಕ್ಕೆ ವಿನಂತಿಸುತ್ತೇವೆ. ನಮ್ಮ ಬಂಡಿಯಂತೂ ಸಾಮಾನ್ಯ ನೋಂದಣಿಯಲ್ಲಿಯೇ ಐದೈದು ವರ್ಷಗಳಿಗೊಮ್ಮೆ ಪರೀಕ್ಷೆಗೆ ನಿಂತು ನವೀಕರಣ ಪಡೆಯುತ್ತ ಬಂದಿದೆ. ಪುಣೆಯ ಮಹನೀಯರು ವಿಶೇಷ ನಂಬರಿಗೆ ಅರ್ಜಿ ಹಾಕುವ ಮುನ್ನ ಈ ಅಂತರವನ್ನು ತಮ್ಮ ಆರ್.ಟಿ.ಒ.ದಲ್ಲಿ ವಿಚಾರಿಸಿಕೊಳ್ಳಲಿ.

ಅವರಿಗೆ ನಮ್ಮ ಕೊನೆಯ ಮಾತು ಇಷ್ಟೇ. ತಂದೆಯವರ ಬಂಡಿಯನ್ನು ಮಾರುವುದಿದ್ದರೂ ಓಡಿಸುವವನಿಗೇ ಮಾರಿರಿ. ಇಟ್ಟುಕೊಳ್ಳುವುದಿದ್ದರೆ ಮೊದಲು ಬ್ರೇಕು, ಟೈರು, ಪೆಟ್ರೋಲಿನ ಕೊಳವೆ ಈ ಮೂರನ್ನು ಸರಿಪಡಿಸಿಕೊಳ್ಳಿರಿ, ಬಣ್ಣದ ಮಾತು ಆಮೇಲೆ. ವಾರಕ್ಕೊಮ್ಮೆಯಾದರೂ ಎಂಜಿನು ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿಬನ್ನಿರಿ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಾಡಿ ಗಾಳಿಯಾಡುವ ಹತ್ತಿಯ ಬಟ್ಟೆ ಹೊದಿಸಿರಿ. ಒಬ್ಬ ಹಿರಿಯ ಮಿಸ್ತ್ರಿಯನ್ನು ಹುಡುಕಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿರಿ. ಸಾಧ್ಯವಾದರೆ ನಿಮ್ಮ ಮಗನನ್ನೂ ನಿಲ್ಲಿಸಿರಿ.

ನಮಗೆ ಬಂಡಿ ಕೊಟ್ಟ ಆ ಪಾರಸಿ ವೃದ್ಧರು ಈಗಿಲ್ಲ. 2020ರ ನಿಲುಗಡೆಯ ಬಳಿಕ ಬಂಡಿ ಮತ್ತೆ ಓಡಿದ ದಿನ ನಾವು ಅವರ ಮನೆಯ ಮುಂದಿನಿಂದ ಹಾದುಹೋದೆವು. ಮಾತು ತಪ್ಪಿದುದಕ್ಕೆ ಕ್ಷಮೆ ಕೇಳಲು ಬೇರೆ ವಿಧಾನ ನಮಗೆ ತಿಳಿದಿರಲಿಲ್ಲ.