ಉತ್ತರ ಗೊತ್ತಿದೆ, ಸಮಯ ಸಾಲದು

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಬ್ಯಾಂಕಿಂಗ್ ಪರೀಕ್ಷೆಗಳಲ್ಲಿ ಅಷ್ಟೂ ಸಿಗುವುದಿಲ್ಲ. ನಮ್ಮ ಪರೀಕ್ಷೆಗಳು ಜ್ಞಾನದ ಜೊತೆಗೆ ವೇಗವನ್ನೂ ಅಳೆಯುತ್ತವೆ. ಹಾಗಾದರೆ ಬಾಲ್ಯದಲ್ಲೇ ಮೆದುಳಿನ ಕ್ಯಾನ್ಸರ್ ಗೆದ್ದು ಬಂದವರ ಗತಿಯೇನು?

ಮಕ್ಕಳ ಮೆದುಳಿನಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಗಡ್ಡೆ ಮೆಡುಲ್ಲೊಬ್ಲಾಸ್ಟೋಮಾ. ಶಸ್ತ್ರಚಿಕಿತ್ಸೆಯ ಬಳಿಕ ಇಡೀ ಮೆದುಳು, ಬೆನ್ನುಹುರಿಗೆ ವಿಕಿರಣ ಕೊಡುತ್ತಾರೆ. ವಾರಕ್ಕೆ 5 ದಿನದಂತೆ ಸುಮಾರು 6 ವಾರ. ಹೊಸಪೇಟೆ, ಸಂಡೂರು, ಕಂಪ್ಲಿಯಿಂದ ಬೆಂಗಳೂರಿನ ಕಿದ್ವಾಯಿಗೆ ಹೋಗುವ ಕುಟುಂಬ ಕೂಲಿ ಬಿಟ್ಟು ಅಷ್ಟೂ ದಿನ ಅಲ್ಲೇ ಉಳಿಯಬೇಕು.

ವಿಕಿರಣ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳೆಯುತ್ತಿರುವ ಮೆದುಳಿನ ನರತಂತುಗಳ ಹೊದಿಕೆಗೂ ಅದರಿಂದ ಪೆಟ್ಟು ಬೀಳುತ್ತದೆ. ಗಮನ, ತಕ್ಷಣದ ನೆನಪು, ಯೋಚನೆಯ ವೇಗ ಕುಗ್ಗಬಹುದು. ವಯಸ್ಸು ಚಿಕ್ಕದಾದಷ್ಟೂ, ಡೋಸ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅದಕ್ಕೇ 3 ವರ್ಷದೊಳಗಿನ ಮಕ್ಕಳಿಗೆ ವಿಕಿರಣವನ್ನು ಆದಷ್ಟೂ ಮುಂದೂಡುತ್ತಾರೆ. ಕಲಿತದ್ದು ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ, ಹೊಸದನ್ನು ಕಲಿಯುವ ವೇಗ ತಗ್ಗುತ್ತದೆ. ಪರಿಣಾಮ ವರ್ಷಗಳ ನಂತರ ಕಾಣಿಸುವುದರಿಂದ ಚಿಕಿತ್ಸೆಗೂ ಇದಕ್ಕೂ ಯಾರೂ ತಾಳೆ ಹಾಕುವುದಿಲ್ಲ. ಕೂದಲು ಬೆಳೆದಿದೆ, ಮಗು ಆಡುತ್ತಿದೆ. ಓದಿನಲ್ಲಿ ಹಿಂದೆ ಬಿದ್ದರೆ 'ಸೋಮಾರಿ' ಎಂಬ ಪಟ್ಟ.

ನನ್ನ ಚಿಕ್ಕಮ್ಮನ ಮಗಳು ಈ ಚಿಕಿತ್ಸೆ ಪಡೆದವಳು, ಈಗ ಪಿಯು ಓದುತ್ತಿದ್ದಾಳೆ. ಲೆಕ್ಕ ಚೆನ್ನಾಗಿ ಬರುತ್ತದೆ. ಬೆಲ್ ಹೊಡೆದಾಗ ಎರಡು ಪುಟ ಖಾಲಿ ಇರುತ್ತವೆ, ಅಷ್ಟೇ. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತರಿಗೆ ಇದು ಬೇಗ ಅರ್ಥವಾದೀತು. ನೀರು ತಡವಾಗಿ ಬಂತೆಂದು ಗದ್ದೆಯನ್ನು ಬಂಜರು ಎನ್ನಲಾದೀತೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕ್ಯಾನ್ಸರ್ ಚಿಕಿತ್ಸೆಯಿಂದ ಯೋಚನೆ ನಿಧಾನವಾಗುವುದು ಪ್ರತ್ಯೇಕ ಬಗೆಯಾಗಿ ಅದರಲ್ಲಿಲ್ಲ. ಶೇ 40ರ ಪ್ರಮಾಣಪತ್ರ ಇಲ್ಲದವರಿಗೂ ಪರೀಕ್ಷೆಯಲ್ಲಿ ಸೂಕ್ತ ಅನುಕೂಲ ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2022ರ ಕೇಂದ್ರದ ಮಾರ್ಗಸೂಚಿ ಬರೆಯಲು ಕಷ್ಟವಿರುವವರ ಬಗ್ಗೆ ಮಾತ್ರ ಮಾತನಾಡಿತ್ತು. ಕೈ ಸರಿಯಿದ್ದು, ಯೋಚಿಸಲು ಹೊತ್ತು ಬೇಕಾದವರು ಎಲ್ಲಿಗೆ ಹೋಗಬೇಕು?

ಆಗಬೇಕಾದದ್ದು ದೊಡ್ಡದೇನಲ್ಲ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಶಾಲೆಗೆ ಕನ್ನಡದಲ್ಲಿ ಒಂದು ಪತ್ರ ಕೊಡಲಿ. ನಿಮ್ಹಾನ್ಸ್‌ನಲ್ಲಿ ಮಾಡುವಂಥ ನೆನಪು, ಗಮನದ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೂ ಸಿಗಲಿ. ಅದರ ವರದಿ ನೋಡಿ ಗಂಟೆಗೆ 20 ನಿಮಿಷ ಹೆಚ್ಚುವರಿ ಕೊಡಲಿ. ಅಂಗವಿಕಲ ಅಭ್ಯರ್ಥಿಗಳಿಗೆ ಈಗಾಗಲೇ ಇರುವ ಲೆಕ್ಕವೇ ಅದು.

'ಹಾಗಾದರೆ ನಮಗೆ ಅನ್ಯಾಯವಲ್ಲವೇ' ಎಂದು ಗೆಳೆಯರು ಕೇಳುತ್ತಾರೆ. ಕ್ಯಾಂಪಸ್ ಸಂದರ್ಶನದ ಆಪ್ಟಿಟ್ಯೂಡ್ ಟೆಸ್ಟ್‌ಗೆ ಗಡಿಯಾರ ಇಟ್ಟುಕೊಂಡು ತಯಾರಾಗುತ್ತಿರುವ ನನಗೂ ರ‍್ಯಾಂಕಿನ ಭಯವಿದೆ. ಆದರೆ ಹೆಚ್ಚು ಸಮಯ ಉತ್ತರ ಹೇಳಿಕೊಡುವುದಿಲ್ಲ. ಗೊತ್ತಿರುವುದನ್ನು ಬರೆಯಲು ಬಿಡುತ್ತದೆ. ಸಾವನ್ನೇ ಗೆದ್ದು ಬಂದವರು 20 ನಿಮಿಷಕ್ಕಾಗಿ ಸೋಲಬಾರದು.